ಮೊಣಕೈ ತಾಗಿದ್ದಕ್ಕೆ ಕರುಳು ತೂತಾಗುತ್ತಾ?

ಲ್ಯಾಬಲ್ಲಿ ಕಡಿಮೆ ಲೋಡ್‌ಗೇ ಸ್ಪೆಸಿಮೆನ್ ಮುರಿದುಹೋದರೆ ನಾವು ಮೆಷಿನ್‌ಗೆ ಬೈಯಲ್ಲ. ಒಳಗೆ ಮೊದಲೇ ಬಿರುಕು ಇತ್ತಾ ಅಂತ ನೋಡ್ತೀವಿ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಮೊದಲ ಪ್ರಶ್ನೆ, "ಹೊಡೆದೋರು ಯಾರು?"

ವಿಜಯನಗರದ ನನ್ನ ಚಿಕ್ಕಮ್ಮನ ಮಗನಿಗೆ 11 ವರ್ಷ. ಹೋದ ವರ್ಷ ರಸ್ತೇಲಿ ಆಡುವಾಗ ಎದುರುಮನೆ ಹುಡುಗನ ಮೊಣಕೈ ಅವನ ಹೊಟ್ಟೆಗೆ ತಾಗಿತು. ಬೀಳಲೂ ಇಲ್ಲ, ತರಚಲೂ ಇಲ್ಲ. ರಾತ್ರಿ ವಾಂತಿ, ಜ್ವರ, ಹೊಟ್ಟೆ ಹಲಗೆ ಥರ ಬಿಗಿ. ಸ್ಕ್ಯಾನ್ ಮಾಡಿದರೆ ಸಣ್ಣ ಕರುಳಿನ ಕೊನೇಲಿ ತೂತು!

ಆಪರೇಷನ್ ಮುಗಿಸಿ ಬಂದ ಡಾಕ್ಟರ್ ಹೇಳಿದ್ದು: "ಇಷ್ಟು ಏಟಿಗೆ ಚೆನ್ನಾಗಿರೋ ಕರುಳು ತೂತಾಗಲ್ಲ. ಇವನದು ಮೊದಲೇ ಊದಿ ದಪ್ಪ ಆಗಿತ್ತು." ಆರೋಗ್ಯವಾಗಿರುವ ಕರುಳು ಮೆತ್ತಗಿರುತ್ತೆ, ಏಟು ಬಿದ್ದರೆ ಪಕ್ಕಕ್ಕೆ ಜಾರುತ್ತೆ. ಕಾಯಿಲೆಯ ಕರುಳು ಬಿರುಸಾಗಿ, ಅಕ್ಕಪಕ್ಕಕ್ಕೆ ಅಂಟಿಕೊಂಡು, ಜಾರೋಕೆ ಜಾಗ ಇಲ್ಲದೆ ಹರಿಯುತ್ತೆ. ಕತ್ತರಿಸಿ ತೆಗೆದ ತುಂಡು ಪರೀಕ್ಷೆಗೆ ಹೋಯ್ತು. ರಿಪೋರ್ಟ್‌ನಲ್ಲಿ ಬಂದ ಹೆಸರು ಕ್ರೋನ್ಸ್ ಕಾಯಿಲೆ.

1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು ಇದನ್ನು ವಿವರಿಸಿದರು. ದೇಹದ ರೋಗನಿರೋಧಕ ಶಕ್ತಿ ದಾರಿ ತಪ್ಪಿ ಕರುಳಿನ ಮೇಲೇ ತಿರುಗಿ ಬೀಳುತ್ತೆ. ಉರಿಯೂತ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುತ್ತೆ. ನಮ್ಮ ದೇಶದಲ್ಲಿ ಇನ್ನೊಂದು ತಲೆನೋವು ಇದೆ. ಕರುಳಿನ ಟಿಬಿಯೂ ಹೆಚ್ಚಾಗಿ ಅದೇ ಜಾಗದಲ್ಲಿ ಬರುತ್ತೆ, ನೋಡೋಕೂ ಹಾಗೇ ಇರುತ್ತೆ. ಕ್ರೋನ್ಸ್ ಔಷಧಿ ರೋಗನಿರೋಧಕ ಶಕ್ತಿಯನ್ನು ಅದುಮುತ್ತೆ, ಟಿಬಿ ಇದ್ದವರಿಗೆ ಅದನ್ನು ಕೊಟ್ಟರೆ ಟಿಬಿ ಉಲ್ಬಣಿಸುತ್ತೆ. ಅದಕ್ಕೇ ಡಾಕ್ಟರು ಔಷಧಿ ಶುರುಮಾಡೋಕೆ ಆತುರಪಡಲಿಲ್ಲ. ಆ ಕಾಯುವ ದಿನಗಳು ಆಪರೇಷನ್‌ಗಿಂತ ಕಷ್ಟ ಅಂತ ಚಿಕ್ಕಮ್ಮ ಈಗಲೂ ಹೇಳ್ತಾರೆ.

ಅಷ್ಟರಲ್ಲಿ ಬೀದಿಯ ತೀರ್ಪು ಬಂದಾಗಿತ್ತು. "ಹೊಟ್ಟೆಗೆ ಗುದ್ದಿದನಂತೆ" ಅಂತ ಸುದ್ದಿ. ಎದುರುಮನೆ ಹುಡುಗನಿಗೆ ಹತ್ತೇ ವರ್ಷ. ಅವನು ಹೊರಗೆ ಬರೋದನ್ನೇ ಬಿಟ್ಟಿದ್ದ. ರಿಪೋರ್ಟ್ ಬಂದ ಸಂಜೆ ಚಿಕ್ಕಮ್ಮ ಅವರ ಮನೆಗೆ ಹೋಗಿ, "ನಿನ್ನಿಂದ ಆಗಿದ್ದಲ್ಲ ಕಣೋ, ನೀನು ತಾಗದೇ ಇದ್ದಿದ್ರೆ ನಮಗೆ ಇನ್ನೂ ಗೊತ್ತೇ ಆಗ್ತಿರಲಿಲ್ಲ" ಅಂದರಂತೆ. ನಮ್ಮ ಮನೇಲಿ ಇಷ್ಟು ಧೈರ್ಯದ ಕೆಲಸ ಬೇರೆ ಯಾರೂ ಮಾಡಿದ್ದು ನನಗೆ ನೆನಪಿಲ್ಲ.

ಗೊತ್ತಾಗಬೇಕಾದ ಗುರುತುಗಳು ಒಂದೂವರೆ ವರ್ಷದಿಂದ ಇದ್ದವು. ಊಟ ಆದಮೇಲೆ ಹೊಟ್ಟೆನೋವು, ಪದೇ ಪದೇ ಬಾಯಿಹುಣ್ಣು, ರಕ್ತಹೀನತೆ. ಒಂದು ಕ್ಲಿನಿಕ್‌ನಲ್ಲಿ ಜಂತುಹುಳದ ಮಾತ್ರೆ ಕೊಟ್ಟು ಕಳಿಸಿದ್ದರು. ನೆಂಟರು "ಪಾನಿಪುರಿ ಬಿಡಿಸಿ" ಅಂದರು. ಎತ್ತರ ಬೆಳೆಯೋದು ನಿಂತಿದ್ದನ್ನು ಮಾತ್ರ ಯಾರೂ ಕಾಯಿಲೆ ಅಂದುಕೊಳ್ಳಲಿಲ್ಲ. ಮಕ್ಕಳಲ್ಲಿ ಕೆಲವೊಮ್ಮೆ ಎಲ್ಲಕ್ಕಿಂತ ಮೊದಲು ಕಾಣೋದೇ ಅದು. ಈಗ ಪ್ರತಿ ಚೆಕಪ್‌ನಲ್ಲೂ ಡಾಕ್ಟರ್ ಮೊದಲು ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸ್ತಾರೆ. ಜೂನ್‌ನಲ್ಲಿ ಹೊಸ ಯೂನಿಫಾರ್ಮ್ ಪ್ಯಾಂಟು ಹೊಲಿಸಬೇಕಾಯ್ತು.