ಅತ್ತೆಯವರು ಕೇಳಿದ ಆರ್ಕೆಸ್ಟ್ರಾ

ಆರ್ಕೆಸ್ಟ್ರಾ ಎಂದರೆ ನಮ್ಮವರ ಕಿವಿಗೆ ಬೇರೆಯೇ ಅರ್ಥ. ಗಣೇಶನ ಹಬ್ಬದ ಪೆಂಡಾಲು, ಝಗಝಗಿಸುವ ದೀಪಗಳು, ಡ್ರಮ್ಮು, ಕೀಬೋರ್ಡು, ಚಿತ್ರಗೀತೆ ಹಾಡುವ ಒಬ್ಬ ಗಾಯಕ, ಒಬ್ಬ ಗಾಯಕಿ. 2023ರ ಆಗಸ್ಟಿನಲ್ಲಿ ನಾವು ನಾಲ್ವರು ಪವಾಯಿಯಿಂದ ನರೀಮನ್ ಪಾಯಿಂಟಿಗೆ ಆರ್ಕೆಸ್ಟ್ರಾ ಕೇಳಲು ಹೊರಟಾಗ, ಪಕ್ಕದ ಮನೆಯ ಉಡುಪಿ ಕಡೆಯ ಹಿರಿಯರು, "ಅಷ್ಟು ದೂರ ಯಾಕೆ ಮಾರಾಯ್ರೆ? ಬರುವ ತಿಂಗಳು ನಮ್ಮ ಗಣಪತಿಯ ಎದುರೇ ಉಂಟಲ್ಲ!" ಎಂದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ನಾಲ್ವರೆಂದರೆ ನಾನು, ನನ್ನಾಕೆ, ನಮ್ಮ 14 ವರ್ಷದ ಮಗಳು, ಮೈಸೂರಿನಿಂದ ಬಂದಿದ್ದ ಅತ್ತೆಯವರು. ಮಗಳು ಪಿಟೀಲು ಕಲಿಯುತ್ತಾಳೆ. ಆದರೆ ಪಾಶ್ಚಾತ್ಯ ಪದ್ಧತಿಯಲ್ಲಿ. ನಿಂತುಕೊಂಡು, ಗದ್ದಕ್ಕೆ ಆನಿಸಿ, ಎದುರಿಗೆ ಹಾಳೆಯಿಟ್ಟು ನುಡಿಸುವುದು. ಚಕ್ಕಳಮಕ್ಕಳ ಹಾಕಿ ಕುಳಿತು, ಪಿಟೀಲಿನ ತುದಿಯನ್ನು ಪಾದದ ಮೇಲೆ ಊರಿ ನುಡಿಸುವವರನ್ನೇ ಕಂಡು ಬೆಳೆದ ಅತ್ತೆಯವರಿಗೆ ಇದು ನುಂಗಲಾರದ ತುತ್ತಾಗಿತ್ತು. "ಚೌಡಯ್ಯನವರ ಊರಿನ ಹುಡುಗಿ ಒಂದು ವರ್ಣವನ್ನೂ ಕಲಿಯದೆ ಹೋದಳಲ್ಲ" ಎಂದು ಅವರು. "ನಾನು ಮೈಸೂರಿನವಳಲ್ಲ ಅಜ್ಜಿ, ಪವಾಯಿಯವಳು" ಎಂದು ಇವಳು. ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಎರಡು ದಿನ ಅಜ್ಜಿ ಮೊಮ್ಮಗಳ ನಡುವೆ ಮಾತೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ನಮಗೆ ನಾಲ್ಕು ಟಿಕೆಟುಗಳು ದೊರೆತದ್ದು.

ಅದು ವಿಶೇಷ ಕಚೇರಿ. ಮುಂಬಯಿಯಲ್ಲೇ 1936ರಲ್ಲಿ ಹುಟ್ಟಿ, 1954ರಲ್ಲಿ ಸಂಗೀತ ಕಲಿಯಲು ವಿಯೆನ್ನಾಕ್ಕೆ ಹೋಗಿ, ಜಗದ್ವಿಖ್ಯಾತರಾದ ಜುಬಿನ್ ಮೆಹ್ತಾ ಅವರು ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾವನ್ನು ಮೊತ್ತಮೊದಲ ಬಾರಿಗೆ ನಿರ್ದೇಶಿಸಲಿದ್ದರು. ಅವರ ತಂದೆ ಮೆಹ್ಲಿ ಮೆಹ್ತಾ 1935ರಲ್ಲಿ ಈ ಊರಿನಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಈಗಿನ ವಾದ್ಯವೃಂದ ಹುಟ್ಟಿದ್ದು 2006ರಲ್ಲಿ, ಎನ್.ಸಿ.ಪಿ.ಎ.ಯ ಖುಶ್ರೂ ಸಂತೂಕ್ ಹಾಗೂ ಕಜಕಸ್ತಾನದ ಪಿಟೀಲುವಾದಕ ಮರಾಟ್ ಬಿಸೆಂಗಲಿಯೆವ್ ಅವರ ಶ್ರಮದಿಂದ.

ಮಳೆಯಲ್ಲಿ ಕಾಂಜೂರ್‌ಮಾರ್ಗದಿಂದ ಲೋಕಲ್ ಹಿಡಿದು, ಸಿ.ಎಸ್.ಎಂ.ಟಿ.ಯಲ್ಲಿಳಿದು, ಟ್ಯಾಕ್ಸಿಯಲ್ಲಿ ಸಭಾಂಗಣ ತಲಪಿದೆವು. ವೇದಿಕೆಯ ತುಂಬ ವಾದಕರು ತಂತಮ್ಮ ವಾದ್ಯಗಳಲ್ಲಿ ಏನೇನೋ ನುಡಿಸುತ್ತ ಸಂತೆಯ ಗದ್ದಲವೆಬ್ಬಿಸಿದ್ದರು. ಅತ್ತೆಯವರು ನನ್ನ ಕಡೆ ಒಮ್ಮೆ ನೋಡಿದರು. ಅಷ್ಟರಲ್ಲಿ ಗದ್ದಲವಡಗಿ, ಓಬೋ ಎಂಬ ಊದುವ ವಾದ್ಯವೊಂದು ಒಂದೇ ಸ್ವರವನ್ನು ನೀಳವಾಗಿ ಹಿಡಿಯಿತು. ಉಳಿದವರೆಲ್ಲ ಗುಂಪುಗುಂಪಾಗಿ ಅದಕ್ಕೆ ಹೊಂದಿಸಿಕೊಂಡರು. "ಓ, ಶ್ರುತಿ ಸೇರಿಸುತ್ತಿದ್ದಾರೆ!" ಎಂದು ಅತ್ತೆಯವರು ಸೆರಗು ಹೊದ್ದು ನೆಟ್ಟಗೆ ಕುಳಿತರು.

87 ವರ್ಷದ ಮೆಹ್ತಾ ಅವರು ನಿಧಾನವಾಗಿ ಬಂದರು. ಕೈಯ ಅಲ್ಪ ಚಲನೆಗೆ ಅಷ್ಟು ಜನ ಒಂದೇ ಉಸಿರಾಗುವುದು ನೋಡುವಂಥದು. ಅತ್ತೆಯವರು ತೊಡೆಯ ಮೇಲೆ ತಾಳ ಹಾಕಲು ನೋಡಿ, ಅದು ಕೈಗೆ ಸಿಕ್ಕದೆ ಬಿಟ್ಟರು. ಒಂದು ಭಾಗ ಮುಗಿದಾಗ ಚಪ್ಪಾಳೆಗೆಂದು ಕೈಯೆತ್ತಿದರು. ಮೊಮ್ಮಗಳು ಮೆಲ್ಲಗೆ ಆ ಕೈ ಹಿಡಿದು, "ಇನ್ನೂ ಮುಗಿದಿಲ್ಲ ಅಜ್ಜಿ, ಎಲ್ಲ ಭಾಗಗಳೂ ಆದ ಮೇಲೆ" ಎಂದು ಪಿಸುಗುಟ್ಟಿದಳು. ಎರಡು ದಿನಗಳ ಮೇಲೆ ಆಡಿದ ಮೊದಲ ಮಾತು ಅದು. ಹಿಡಿದ ಕೈಯನ್ನು ಅವಳು ಬಿಡಲಿಲ್ಲ, ಇವರು ಬಿಡಿಸಿಕೊಳ್ಳಲಿಲ್ಲ.

ವಿರಾಮದಲ್ಲಿ ಅತ್ತೆಯವರು, "ರಾಗ ಬೆಳೆಸುವುದಿಲ್ಲ, ಗಮಕವಿಲ್ಲ, ಆದರೆ ಹತ್ತಾರು ಸ್ವರ ಒಟ್ಟಿಗೆ ಎದ್ದು ಗೋಪುರದ ಹಾಗೆ ನಿಲ್ಲುತ್ತೆ. ನಮ್ಮ ಮಹಾರಾಜರು ಇದಕ್ಕೇ ಮನಸೋತಿದ್ದಿರಬೇಕು" ಎಂದರು. "ಯಾವ ಮಹಾರಾಜರು?" ಎಂದಳು ಮಗಳು.

ನಮ್ಮ ಮಕ್ಕಳಿಗೆ ಇದನ್ನು ನಾವು ಹೇಳಿಯೇ ಇರುವುದಿಲ್ಲ. ಜಯಚಾಮರಾಜ ಒಡೆಯರು ಪಿಯಾನೋ ಬಲ್ಲವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು. ರಷ್ಯದ ಮೆಟ್ನರ್ ಎಂಬ ವಾಗ್ಗೇಯಕಾರ ಲಂಡನ್ನಿನಲ್ಲಿ ಮುಪ್ಪಿನಲ್ಲಿದ್ದಾಗ, ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ರಚಿಸಿದ ಕೊನೆಯ ನಾಲ್ಕು ಗೀತೆಗಳು, ಅವನು ತೀರಿಕೊಂಡ ಮೇಲೆ, 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲಿಗೆ ಕೇಳಿಬಂದದ್ದೂ ಮೈಸೂರಿನ ಹಣದ ಬೆಂಬಲದಿಂದಲೇ. ಅದೇ ದೊರೆ ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕರ್ನಾಟಕ ಕೃತಿಗಳನ್ನು ರಚಿಸಿದರು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕೆಂದು ಅವರಿಗೆ ತೋರಲಿಲ್ಲ. ಅಷ್ಟೇಕೆ, ನಮ್ಮ ಪಿಟೀಲೂ ಪರದೇಶದಿಂದ ಬಂದದ್ದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿಗಳು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ಮೆರೆಸಿದರು.

ಎರಡನೆಯ ಭಾಗದಲ್ಲಿ ನಾನು ವಾದಕರ ಮುಖಗಳನ್ನೇ ನೋಡುತ್ತಿದ್ದೆ. ಈ ವೃಂದದಲ್ಲಿ ನಮ್ಮ ದೇಶದವರ ಜತೆಗೆ ಕಜಕಸ್ತಾನದಿಂದಲೂ ಇತರ ನಾಡುಗಳಿಂದಲೂ ಬಂದವರಿದ್ದಾರೆ. ಅವರೂ ಹೊಟ್ಟೆಪಾಡಿಗೆ ಈ ಸಮುದ್ರದ ದಡಕ್ಕೆ ಬಂದು, ಮನೆಯ ಮಾತು ಬೇರೆ, ಬೀದಿಯ ಮಾತು ಬೇರೆಯಾಗಿ ಬದುಕುವವರು. ನಮ್ಮ ಹಾಗೆಯೇ ಹೊರನಾಡಿಗರು.

ಕೊನೆಯಲ್ಲಿ ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಅತ್ತೆಯವರು ಕೂಡಿಟ್ಟ ಚಪ್ಪಾಳೆಯನ್ನೆಲ್ಲ ಆಗ ತೀರಿಸಿದರು.

ಮರುದಿನ ಅವರೇ ಮೊಮ್ಮಗಳನ್ನು ಕರೆದು, "ನಿನ್ನ ಪಾಠದ್ದನ್ನೇ ನುಡಿಸು, ಕೇಳುತ್ತೇನೆ" ಎಂದರು. ನುಡಿಸಿದ ಮೇಲೆ ಅವಳು, "ವರ್ಣ ಅಂದರೆ ಹೇಗಿರುತ್ತೆ ಅಜ್ಜಿ?" ಎಂದು ಕೇಳಿದಳು. ಅತ್ತೆಯವರು ಮೋಹನರಾಗದ್ದೊಂದನ್ನು ಹಾಡಿ ತೋರಿಸಿದರು. ಅವಳು ನಿಂತುಕೊಂಡೇ, ಗದ್ದಕ್ಕೆ ಆನಿಸಿಯೇ, ಅದನ್ನು ತಡವರಿಸಿ ಹಿಂಬಾಲಿಸಿದಳು. ಗಮಕ ಬರಲಿಲ್ಲ, ಬರಲು ವರ್ಷಗಳು ಬೇಕು. ಆದರೆ ಕೂತುಕೋ ಎಂದು ಅತ್ತೆಯವರು ಹೇಳಲಿಲ್ಲ.

ಮುಂಬಯಿಯಲ್ಲಿ ಈ ವೃಂದದ ಕಚೇರಿಗಳು ಆಗಾಗ ನಡೆಯುತ್ತವೆ. ದಾರಿ ದೂರ, ಟಿಕೆಟೂ ಅಗ್ಗವಲ್ಲ; ಆದರೂ ವಾಚಕರು ಒಮ್ಮೆ ಹೋಗಿಬರಬೇಕು. ಊರಿನಿಂದ ಬಂದ ಹಿರಿಯರಿದ್ದರೆ, ಅವರಿಗೇನು ತಿಳಿದೀತು ಎಂದು ಮನೆಯಲ್ಲಿ ಬಿಟ್ಟು ಹೋಗಬೇಡಿ. ಮಕ್ಕಳ ಪಕ್ಕದಲ್ಲೇ ಕೂಡಿಸಿ.