ದುಂಡುಮೇಜಿನ ಪಂಕ್ತಿ

ಶಾಕಾಹಾರದ ವಿಷಯವಾಗಿ ನಮ್ಮವರು ಆಡುವ ಮಾತುಗಳೆಲ್ಲ ಬಹುಮಟ್ಟಿಗೆ ಎಲೆಯ ಮೇಲೆ ಏನು ಬಿದ್ದಿತೆಂಬುದನ್ನು ಕುರಿತವು. ಎಲೆಯ ಪಕ್ಕದಲ್ಲಿ ಯಾರು ಕುಳಿತರೆಂಬುದು ಇನ್ನೊಂದು ಪ್ರಶ್ನೆ. ಕಹಿಯಾದುದು, ಆದುದರಿಂದ ಊಟದ ಹೊತ್ತಿನಲ್ಲಿ ಯಾರೂ ಅದನ್ನು ಎತ್ತುವುದಿಲ್ಲ. ಚೀನೀಯರ ಶಾಕಾಹಾರಿ ಭೋಜನಶಾಲೆಯೊಂದರಲ್ಲಿ ಉಂಡು ಬಂದ ಮೇಲೆ, ಈ ಎರಡು ಪ್ರಶ್ನೆಗಳನ್ನೂ ಕೂಡಿಸಿ ನಾಲ್ಕು ಮಾತು ಬರೆಯಬಹುದೆಂದು ನಮಗೆ ತೋರಿತು.

ನಾವೆಂದರೆ ಅಡೂರು ಕಡೆಯಿಂದ ಬಂದು ಸಿಂಗಾಪುರದಲ್ಲಿ ನೆಲೆಸಿರುವ ಐವರು. ಅಡೂರು ಕಾಸರಗೋಡು ಜಿಲ್ಲೆಯ ಮೂಡಣ ಅಂಚಿನ ಊರು. ಪಯಸ್ವಿನಿ ಹೊಳೆ, ಮಹಾಲಿಂಗೇಶ್ವರನ ದೇವಸ್ಥಾನ, ಅಡಿಕೆ ತೋಟಗಳು, ಗುಡ್ಡದ ಮೇಲೆ ರಬ್ಬರು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ಮನೆಮಾತನ್ನು ನೋಡಿದರೆ ನಮ್ಮಲ್ಲಿ ಒಬ್ಬರದು ಹವ್ಯಕ ಕನ್ನಡ, ಇಬ್ಬರದು ತುಳು, ಒಬ್ಬರದು ಮರಾಠಿ, ಒಬ್ಬರದು ಮಲಯಾಳ. ಶಾಲೆಯಲ್ಲಿ ಮಾತ್ರ ಎಲ್ಲರದೂ ಕನ್ನಡ. ಶಾಲೆಯ ಮಧ್ಯಾಹ್ನದ ಗಂಜಿಯನ್ನೂ ಹೆಸರುಕಾಳನ್ನೂ ಒಟ್ಟಿಗೆ ಕುಳಿತು ಉಂಡವರು ನಾವು. ಶಾಲೆಯ ಗೇಟು ದಾಟಿದ ಮೇಲೆ ಹಾಗೆ ಕುಳಿತು ಉಂಡುದು, ನೆನಪಿಸಿಕೊಂಡರೆ, ಒಮ್ಮೆಯೂ ಇಲ್ಲ.

ಹೋಟೆಲೆಂಬುದು ನಮ್ಮ ಸೀಮೆಯವರು ದೇಶಕ್ಕೆ ಕೊಟ್ಟ ಕಾಣಿಕೆಯೆಂದು ಹೆಮ್ಮೆಪಡುವುದುಂಟು. ಹೆಮ್ಮೆ ಸುಳ್ಳಲ್ಲ. ಕಡಂದಲೆಯ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಅಂಗಡಿಯೇ ಇಂದಿನ ಮಾವಳ್ಳಿ ಟಿಫಿನ್ ರೂಮ್ಸ್. ಆದರೆ ಅದರ ಮೊದಲ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ ಎಂದಿತ್ತು. ಆ ಕಾಲಕ್ಕೆ ಅದು ವಿಶೇಷವೇನೂ ಅಲ್ಲ. ಊರೂರಿಗೆ ಅಂಥ ಹಲಗೆಗಳಿದ್ದವು. ಅಡುಗೆಯವರ ಜಾತಿಯನ್ನು ಗಿರಾಕಿಗೆ ತಿಳಿಸುವುದಕ್ಕಾಗಿ ಆ ಮಾತು ಎನ್ನುತ್ತಿದ್ದರು. 1957ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯ ಒಂದು ಹೋಟೆಲಿನ ಹಲಗೆಯಿಂದ ಆ ಪದವನ್ನು ಅಳಿಸಬೇಕೆಂದು ಪೆರಿಯಾರ್ ರಾಮಸ್ವಾಮಿಯವರು ಚಳುವಳಿಯನ್ನೇ ಹೂಡಬೇಕಾಯಿತು. ಅದಕ್ಕೆ ಏಳು ವರ್ಷ ಮೊದಲೇ, 1950ರಲ್ಲಿ, ನಮ್ಮ ಸಂವಿಧಾನ ಜಾರಿಗೆ ಬಂದಿತ್ತು. ಅದರ 15ನೆಯ ವಿಧಿಯನ್ನು ಓದಿದವರು ಗಮನಿಸಿರಬಹುದು: ಜಾತಿಯ ಕಾರಣದಿಂದ ಯಾರಿಗೂ ಪ್ರವೇಶ ತಡೆಯಬಾರದ ಸ್ಥಳಗಳಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳನ್ನು ಹೆಸರು ಹಿಡಿದೇ ಹೇಳಿದೆ. ರಾಜ್ಯಶಾಸನದ ಮೂಲಗ್ರಂಥದಲ್ಲಿ ಹೋಟೆಲು ಬಂದು ಕುಳಿತುಕೊಳ್ಳಬೇಕಾದರೆ ಅದರ ಬಾಗಿಲಲ್ಲಿ ಎಷ್ಟು ಮಂದಿ ನಿಂತು ಹಿಂದಿರುಗಿರಬೇಕು!

ಇನ್ನು ಊಟದ ಸಂಗತಿ. ನಮ್ಮಲ್ಲೊಬ್ಬರ ತಾಯಿ ಊರಿನಿಂದ ಬಂದಿದ್ದರು. ಎಪ್ಪತ್ತು ದಾಟಿದ ಹಿರಿಯರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟುವವರಲ್ಲ. ಇಲ್ಲಿಯ ಭಾರತೀಯ ಶಾಕಾಹಾರಿ ಹೋಟೆಲುಗಳಲ್ಲಿ ಅವೆರಡೂ ಧಾರಾಳವಾಗಿರುವುದರಿಂದ ಅಲ್ಲಿಗೆ ಬರಲೊಪ್ಪಲಿಲ್ಲ. ಚೀನೀ ಬೌದ್ಧರ ಶಾಕಾಹಾರಿ ಅಡುಗೆಯಲ್ಲಿ ಎರಡೂ ನಿಷಿದ್ಧವೆಂದು ಮಗ ವಿವರಿಸಿದ ಮೇಲೆ, "ಹಾಗಾದರೆ ಅದೇ ಆಗಬಹುದು" ಎಂದರು. ನಮ್ಮ ಅಡುಗೆಯಲ್ಲಿ ಆಗದ ಮಡಿ ಚೀನೀಯರ ಅಡುಗೆಯಲ್ಲಿ ಆಯಿತು!

ವಾಟರ್ಲೂ ಬೀದಿಯಲ್ಲಿ ಕೃಷ್ಣ ದೇವಸ್ಥಾನಕ್ಕೆ ಒತ್ತಿಕೊಂಡೇ ಗುವಾನ್‌ಯಿನ್ ದೇವಿಯ ಗುಡಿಯಿದೆ. ಅಲ್ಲಿಗೆ ಬಂದ ಚೀನೀ ಭಕ್ತರು ಕೃಷ್ಣನಿಗೂ ಕೈಮುಗಿದು ಊದುಬತ್ತಿ ಹಚ್ಚಿ ಹೋಗುತ್ತಾರೆ. ಆ ದೇವಿ ಯಾರೆಂದು ಅಮ್ಮ ಕೇಳಿದಾಗ ನಾವು ಮಂಗಳೂರಿನ ಕದ್ರಿಯನ್ನು ನೆನಪಿಸಿದೆವು. ಅಲ್ಲಿ ಆಲುಪ ರಾಜ ಕುಂದವರ್ಮನು 968ರಲ್ಲಿ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಅದು ಬೌದ್ಧರ ಅವಲೋಕಿತೇಶ್ವರನೆಂದು ಅನೇಕ ವಿದ್ವಾಂಸರ ಮತ. ಆ ಅವಲೋಕಿತೇಶ್ವರನೇ ಚೀನಕ್ಕೆ ಹೋಗಿ ಸ್ತ್ರೀರೂಪ ತಾಳಿ ಗುವಾನ್‌ಯಿನ್ ಆದುದು. "ಓಹೋ, ಕದ್ರಿಯವನೋ" ಎಂದು ಅಮ್ಮ ನಿಂತಲ್ಲಿಯೇ ಕೈಮುಗಿದರು.

ಭೋಜನಶಾಲೆಯಲ್ಲಿ ನಮ್ಮ ಮುಂದೆ ಮೊದಲು ಬಂದುದು ಒಂದು ಮೀನು. ಸೋಯಾ ಅವರೆಯ ಹಾಲಿನ ಗಿಣ್ಣನ್ನು ಮೀನಿನಂತೆ ರೂಪಿಸಿ, ಕಡಲಪಾಚಿಯ ಹಾಳೆಯನ್ನು ಚರ್ಮದಂತೆ ಸುತ್ತಿ ಕರಿದಿದ್ದರು. ಅಮ್ಮ ಕೈ ಹಿಂದೆಗೆದರು. ನಮ್ಮಲ್ಲಿ ಮೀನು ತಿನ್ನುವ ಮೂವರು ಆಸೆಯಿಂದ ತಿಂದು, ಮೀನಿನ ರುಚಿಯಿಲ್ಲವೆಂದು ಗೊಣಗಿದರು. ಆಕಾರಕ್ಕೆ ಹೆದರುವವರಿಗೂ ರುಚಿಯನ್ನು ಬಯಸುವವರಿಗೂ ಏಕಕಾಲದಲ್ಲಿ ನಿರಾಶೆ ಮಾಡುವ ಇಂಥ ಪದಾರ್ಥವನ್ನು ಏತಕ್ಕೆ ಮಾಡುತ್ತಾರೋ ನಮಗೆ ಇಂದಿಗೂ ಅರ್ಥವಾಗಿಲ್ಲ.

ಎರಡನೆಯದು ಬಾತುಕೋಳಿಯೆಂಬ ಹೆಸರಿನದು. ಅಮ್ಮ ಅದರ ಚೂರೊಂದನ್ನು ಬೆರಳಲ್ಲಿ ಎಳೆದು ನೋಡಿ, "ಇದು ಹಲ್ವಕ್ಕೆ ಹಿಂಡಿದ ಗೋಧಿಯ ಚರಟವಲ್ಲವೋ?" ಎಂದರು. ನಿಜ. ನಮ್ಮ ಮನೆಗಳಲ್ಲಿ ಗೋಧಿಯನ್ನು ನೆನೆಹಾಕಿ ಅರೆದು, ಹಾಲು ಹಿಂಡಿ ಹಲ್ವ ಕಾಯಿಸುತ್ತೇವೆ. ಉಳಿದ ಅಂಟನ್ನು ಹಟ್ಟಿಗೆ ಹಾಕುತ್ತೇವೆ. ಚೀನೀಯರು ಹಿಟ್ಟನ್ನು ಕಲಸಿ, ನೀರಿನಲ್ಲಿ ತೊಳೆತೊಳೆದು, ಆ ಹಾಲನ್ನು ಹೋಗಗೊಟ್ಟು ಅಂಟನ್ನೇ ಉಳಿಸಿಕೊಂಡು ಬೇಯಿಸುತ್ತಾರೆ. ಅಡುಗೆಯ ಗುಟ್ಟು ತಿಳಿದ ಕೂಡಲೇ ಅಮ್ಮನ ಅಳುಕು ಹೋಯಿತು. ಎರಡು ಚೂರು ತಿಂದು, ನಮ್ಮ ಗುಜ್ಜೆ ಪಲ್ಯದ ಹಾಗಿದೆಯೆಂದರು. ಅದಕ್ಕೆ ಒಂದಿಷ್ಟು ಇಂಗು ಬೇಕಿತ್ತೆಂದೂ ಹೇಳಿದರು. ಇಂಗನ್ನು ಕೇಳಿದೆವು. ಅಂಗಡಿಯಾತ ವಿನಯದಿಂದ ತಲೆಯಾಡಿಸಿದ. ಚೀನೀ ಬೌದ್ಧರು ವರ್ಜಿಸುವ ಐದು ಘಾಟುಪದಾರ್ಥಗಳ ಪಟ್ಟಿಯಲ್ಲಿ ಬೆಳ್ಳುಳ್ಳಿ ಈರುಳ್ಳಿಗಳ ಜೊತೆಗೆ ಇಂಗೂ ಇದೆ. ಅದಕ್ಕೆ ಅವರಿಟ್ಟ ಹೆಸರೇ ನಮ್ಮ ಸಂಸ್ಕೃತದ 'ಹಿಂಗು' ಶಬ್ದದ ಚೀನೀ ರೂಪ. "ಇಂಗಿಲ್ಲದ ಮಡಿ ಎಂಥ ಮಡಿ!" ಎಂದು ಅಮ್ಮ ಬೆರಗಾದರು.

ಆ ದೇಶದ ಭಿಕ್ಷುಗಳಿಗೆ ಮಾಂಸವರ್ಜನೆಯನ್ನು ಕಟ್ಟುನಿಟ್ಟು ಮಾಡಿದವನು 502ರಿಂದ 549ರವರೆಗೆ ಆಳಿದ ಲಿಯಾಂಗ್ ವಂಶದ ವೂ ಚಕ್ರವರ್ತಿ. ಅವನಿಗಿಂತ ನೂರು ವರ್ಷ ಹಿಂದೆ, 399ರಲ್ಲಿ ಚೀನದಿಂದ ಹೊರಟ ಫಾಹಿಯಾನನು ನಮ್ಮ ಮಧ್ಯದೇಶವನ್ನು ಕಂಡು ಮೆಚ್ಚಿ ಬರೆದಿದ್ದಾನೆ: ಜನರು ಪ್ರಾಣಿಹಿಂಸೆ ಮಾಡುವುದಿಲ್ಲ, ಮದ್ಯ ಕುಡಿಯುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ ಎಂದು. ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ಇಷ್ಟನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಅದರ ಬೆನ್ನಿಗೇ ಅವನು ಬರೆದ ಇನ್ನೊಂದು ಮಾತುಂಟು. ಚಂಡಾಲರು ಮಾತ್ರ ಇದಕ್ಕೆ ಹೊರತು. ಅವರು ಊರ ಹೊರಗೆ ಇರುತ್ತಾರೆ. ಪೇಟೆಗೆ ಬರುವಾಗ ಮರದ ತುಂಡನ್ನು ಬಡಿದು ಸದ್ದುಮಾಡುತ್ತಾರೆ, ಜನರು ಅದನ್ನು ಕೇಳಿ ದೂರ ಸರಿಯುತ್ತಾರೆ. ಶುದ್ಧವಾದ ಎಲೆಯೂ ಆ ಮರದ ಸದ್ದೂ ಒಂದೇ ಪುಟದಲ್ಲಿವೆ. ಯಾತ್ರಿಕನು ಎರಡನ್ನೂ ಒಂದೇ ಧ್ವನಿಯಲ್ಲಿ ಹೇಳಿ ಮುಂದೆ ನಡೆದ.

ನಾವು ಕುಳಿತ ಮೇಜು ದುಂಡಗಿನದು. ನಡುವೆ ತಿರುಗುವ ಗಾಜಿನ ಹಲಗೆ. ಬಡಿಸುವವರಿಲ್ಲ. ಮೊದಲ ಎಲೆ, ಕೊನೆಯ ಎಲೆ ಎಂಬುದಿಲ್ಲ. ಅಮ್ಮನ ಎಡಕ್ಕೆ ಕುಳಿತವರು ನಮ್ಮ ಗೆಳೆಯರಲ್ಲೊಬ್ಬರು; ಅವರ ತಂದೆ ಬದುಕಿದ್ದಷ್ಟು ದಿನ ಅಮ್ಮನವರ ತೋಟದಲ್ಲಿಯೇ ಅಡಿಕೆ ಕೊಯ್ಯುತ್ತಿದ್ದವರು. ಆ ತಂದೆಗೆ ಊಟ ಅಂಗಳದಲ್ಲಿ, ಎತ್ತರದಿಂದ, ಚಹ ಗೆರಟೆಯಲ್ಲಿ. ಮಗನೂ ಎಳವೆಯಲ್ಲಿ ಪಕ್ಕದಲ್ಲಿ ಕುಳಿತು ಉಂಡಿದ್ದಾರೆ. ಇದು ನಮಗೆಲ್ಲ ಗೊತ್ತು, ಅಮ್ಮನಿಗೂ ಗೊತ್ತು. ಹಲಗೆ ತಿರುಗಿ ಅನ್ನದ ಪಾತ್ರೆ ತಮ್ಮ ಮುಂದೆ ನಿಂತಾಗ ಅಮ್ಮ ಚಮಚ ತೆಗೆದುಕೊಂಡು, ಹತ್ತಿರದ ತಟ್ಟೆಗೆ ಬಡಿಸಿಬಿಟ್ಟರು. ಬಡಿಸಿ ರೂಢಿಯಾದ ಕೈ. "ಉಣ್ಣು ಮಗಾ" ಎಂದರು. "ಸಾಕು ಅಮ್ಮಾ, ಸಾಕು" ಎಂದು ಅವರು ತಟ್ಟೆಯ ಮೇಲೆ ಕೈಯಿಟ್ಟರು. ಮೇಜಿನ ಸುತ್ತ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಊಟ ಮುಗಿದೊಡನೆ ಅವರು ತಮ್ಮ ತಟ್ಟೆಯನ್ನು ತಾವೇ ಎತ್ತಿಕೊಂಡು ಎದ್ದರು. ಊರಿನಲ್ಲಿ ಅಂಗಳದ ಎಲೆಯನ್ನು ಉಂಡವರೇ ಎತ್ತಬೇಕು, ಜಾಗವನ್ನು ಅವರೇ ಸಾರಿಸಬೇಕು. "ಅಲ್ಲಿಯೇ ಇಡು, ಅವರು ತೆಗೆಯುತ್ತಾರೆ" ಎಂದರು ಅಮ್ಮ. ಸ್ವರ ಮಾತ್ರ ಸಣ್ಣದಾಗಿತ್ತು.

ಆಮೇಲೆ ರೈಲು ನಿಲ್ದಾಣದಲ್ಲಿ ನಾವು ಇದನ್ನು ದೊಡ್ಡ ಸಂಗತಿಯೆಂಬಂತೆ ಆಡಹೊರಟೆವು. ಗೆಳೆಯರು ಒಪ್ಪಲಿಲ್ಲ. "ನನ್ನನ್ನು ಒಳಗೆ ಕರೆದು ಕೂರಿಸಿದವರು ಚೀನೀಯರು. ಅವರ ಮನೆಯವರಲ್ಲ" ಎಂದರು. ಅದಕ್ಕೆ ಉತ್ತರ ನಮ್ಮಲ್ಲಿರಲಿಲ್ಲ. ಅಮ್ಮ ಮಗನೊಡನೆ, ಊರಿನಲ್ಲಿ ಹೇಳುವುದು ಬೇಡ ಎಂದರಂತೆ. ಮೀನಿನ ಆಕಾರದ ವಿಷಯವೋ, ಮತ್ತೊಂದೋ, ಅವರು ಬಿಡಿಸಿ ಹೇಳಲಿಲ್ಲ. ಮಗ ಕೇಳಲೂ ಇಲ್ಲ.

ಗೆಳೆಯರು ಬರುವ ರಜೆಯಲ್ಲಿ ಅಡೂರಿಗೆ ಹೋಗುವವರಿದ್ದಾರೆ. ಆ ಮನೆಗೂ ಹೋಗುವಿರೋ ಎಂದು ಕೇಳಿದೆವು. ಹೋಗುವೆನೆಂದರು; ಜಗಲಿ ದಾಟುವ ವಿಷಯ ಅಲ್ಲಿಗೆ ಹೋಗಿ ನೋಡೋಣವೆಂದರು.