ಸಿನಿಮಾ ಬಾರು ಸಿರುಗುಪ್ಪಕ್ಕೆ ಬಂತು!

ಖಳನಾಯಕನ ಬಂಗಲೆ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಸುರುಳಿ ಮೆಟ್ಟಿಲು, ಗೋಡೆಗೊಂದು ಹುಲಿಚರ್ಮ, ಮೂಲೆಯಲ್ಲಿ ಬಾಟ್ಲಿ ತುಂಬಿದ ಕಪಾಟು! ಅದರ ಮುಂದೆ ವಜ್ರಮುನಿ ನಿಂತು ಕಣ್ಣು ಕೆಂಪಗೆ ಮಾಡಿದರೆ ಗಾಂಧಿಕ್ಲಾಸೇ ಉಸಿರು ಬಿಗಿಹಿಡಿಯುತ್ತಿತ್ತು. ಆ ಕಪಾಟು ಮಾಡಿದ ಬಡಗಿ ಯಾರು ಅಂತ ಕೇಳಿದವರು ಯಾರಾದರೂ ಇದ್ದೀರಾ? ಇರಲಿಕ್ಕಿಲ್ಲ. ಅಂಥದೇ ಒಂದು ಕಪಾಟಿಗೆ ಕಳೆದ ಬೇಸಿಗೆಯಲ್ಲಿ ಮರಳು ಕಾಗದ ಉಜ್ಜಿದವನು ನಾನು.

ನನ್ನ ಸೋದರಮಾವ ಕುರುಗೋಡಿನಲ್ಲಿ ಬಡಗಿ. ದೊಡ್ಡಬಸವೇಶ್ವರನ ಗುಡಿಯಿಂದ ಕೂಗಳತೆಯಲ್ಲಿ ಅವರ ಶೆಡ್ಡು. ನಾನು ಬಳ್ಳಾರಿಯಲ್ಲಿ ಅಮ್ಮನ ಜೊತೆ ಇದ್ದು ಪತ್ರಿಕೆಗಳಿಗೆ ಬರೆಯುವವನು. ಬರೆದದ್ದಕ್ಕೆ ದುಡ್ಡು ಬರುವಷ್ಟರಲ್ಲಿ ಚಿತ್ರವನ್ನೇ ಥಿಯೇಟರಿನಿಂದ ಎತ್ತಿರುತ್ತಾರೆ! ಹಾಗಾಗಿ ಖಾಲಿ ಕೂತ ವಾರ ಮಾವನ ಶೆಡ್ಡಿಗೆ ಬಸ್ ಹತ್ತುತ್ತೇನೆ.

ಗಿರಾಕಿ ಸಿರುಗುಪ್ಪದ ಒಬ್ಬ ಅಕ್ಕಿ ಗಿರಣಿ ಯಜಮಾನರು. ಮೊಬೈಲಿನಲ್ಲಿ ಯಾವುದೋ ತೆಲುಗು ಚಿತ್ರದ ದೃಶ್ಯ ನಿಲ್ಲಿಸಿ, "ಹಿಂಗೇ ಇರಬೇಕು ನೋಡಪಾ" ಅಂದರು. ಗಾಜಿನ ಹಲಗೆ, ಹಿಂದೆ ಕನ್ನಡಿ, ಒಳಗೆ ದೀಪ. ಆದರೆ ಮನೆಯ ಮುದುಕಿ ತಾಯಿ ಒಂದೇ ಮಾತು ಹೇಳಿದ್ದರಂತೆ: ದೇವರ ಫೋಟೋ ಎದುರಿಗೆ ಬಾಟ್ಲಿ ಕಾಣಕೂಡದು. ಅಲ್ಲಿಗೆ ಬಾಗಿಲು ಬೇಕೇ ಬೇಕು ಅಂತಾಯ್ತು. ಸಾಮಾನ್ಯ ಬಾಗಿಲು ಇಟ್ಟರೆ ತೆರೆದಾಗ ಸೋಫಾಕ್ಕೆ ಬಡಿಯುತ್ತೆ. ಕೊನೆಗೆ ಸ್ಲೈಡಿಂಗ್ ಬಾಗಿಲಿಗೆ ಒಪ್ಪಂದವಾಯಿತು.

ಸ್ಲೈಡಿಂಗ್ ಬಾಗಿಲು ನೋಡಲು ಬಲು ಸುಲಭ. ಕೆಳಗೊಂದು ಕಾಲುವೆ, ಮೇಲೊಂದು ಕಾಲುವೆ, ನಡುವೆ ಬಾಗಿಲು. ಎರಡು ಬಾಗಿಲಿಗೆ ಹಿಂದೆ ಮುಂದೆ ಎರಡು ಜೋಡಿ. ಗುಟ್ಟು ಇರುವುದು ಆಳದಲ್ಲಿ. 8 ನೂಲಿಗೆ 1 ಇಂಚು ತಾನೆ? ಕೆಳಗಿನ ಕಾಲುವೆ 2 ನೂಲು ಆಳ, ಮೇಲಿನದು 4 ನೂಲು. ಕಪಾಟಿನ ಬಾಯಿ 16 ಇಂಚು ಎತ್ತರ, ಬಾಗಿಲು 16 ಇಂಚು 3 ನೂಲು. ಬಾಗಿಲನ್ನು ಮೊದಲು ಮೇಲಿನ ಕಾಲುವೆಗೆ ಏರಿಸಿ, ಬುಡವನ್ನು ಒಳಗೆ ತಂದು, ಕೆಳಗಿನದಕ್ಕೆ ಇಳಿಸಬೇಕು. ಇಳಿದ ಮೇಲೂ ತಲೆ 1 ನೂಲು ಸಿಕ್ಕಿಕೊಂಡೇ ಇರುತ್ತೆ. ಮೊಳೆ ಇಲ್ಲ, ಸ್ಕ್ರೂ ಇಲ್ಲ! ಬಾಯಿಯ ಅಗಲ 42 ಇಂಚು. ಒಂದೊಂದು ಬಾಗಿಲು ಇಪ್ಪತ್ತೊಂದೂವರೆ ಇಂಚು, ಯಾಕಂದರೆ ನಡುವೆ ಒಂದರ ಮೇಲೊಂದು 1 ಇಂಚು ಹಾಯಬೇಕು.

"ಬಾಗಿಲು ಎತ್ತರಕ್ಕಿಂತ ಅಗಲ ಇರಬೇಕಲೇ ಅಳಿಯಾ," ಅಂದರು ಮಾವ. "ಉದ್ದುದ್ದ ಇದ್ರೆ ಸೊಟ್ಟಗೆ ಸಿಕ್ಕೊಂತೈತಿ."

ನಮ್ಮ ಸೀಮೆಯ ಬಿಸಿಲಿಗೆ ಹಸಿ ಮರ ತಡೆಯಲ್ಲ. ಮಾವ ತಂದದ್ದು ಕೆಡವಿದ ಮನೆಯ ಹಳೇ ತೇಗದ ಚೌಕಟ್ಟು. ಬಾಗಿಲಿಗೆ ತೇಗದ ಅಂಚು, ನಡುವೆ ಪ್ಲೈವುಡ್. ಕಾಲುವೆಗೆ ಮೇಣದ ಬತ್ತಿ ಉಜ್ಜಿದೆವು. ಬೆರಳು ತಾಗಿಸಿದರೆ ಸಾಕು, ಬಾಗಿಲು ಸುಂಯ್ ಅಂತ ಓಡುತ್ತಿತ್ತು. ಯಜಮಾನರಿಗೆ ಅರಗಿನ ಪಾಲಿಷ್ ಮೇಲೆ ಆಸೆ. ಮಾವ ಒಪ್ಪಲಿಲ್ಲ. ಅರಗನ್ನು ಕರಗಿಸುವುದೇ ಸ್ಪಿರಿಟ್ಟಿನಲ್ಲಿ. ಮೇಲೆ ವಿಸ್ಕಿ ಚೆಲ್ಲಿದರೆ ಪಾಲಿಷ್ ಏಳುತ್ತೆ. ಮೇಲ್ಭಾಗಕ್ಕೆ ಸನ್‌ಮೈಕಾ ಬಡಿದರು.

ಉಜ್ಜುತ್ತಾ ಕೂತಾಗ ಮಾತು ಹಿಂದಕ್ಕೆ ಹೋಯಿತು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವ ಮೊದಲು ಮದರಾಸಿನಲ್ಲಿತ್ತಲ್ಲ, 1948ರ ಹೊತ್ತಿಗೆ ಆ ಇಡೀ ಪ್ರಾಂತಕ್ಕೆ ಪಾನನಿಷೇಧ. ಆಗ ನಮ್ಮಜ್ಜ ಯಾರೋ ಸಾಹುಕಾರನಿಗೆ ಕಳ್ಳತಳದ ಪೆಟ್ಟಿಗೆ ಮಾಡಿಕೊಟ್ಟಿದ್ದನಂತೆ! ನಮ್ಮ ಮನೆತನಕ್ಕೆ ಈ ಕಸುಬು ಹೊಸದಲ್ಲ ಅನ್ನಿ.

ಸಿನಿಮಾದ ಕುಡಿತವೇ ಬೇರೆ ಬಿಡಿ. ಅದೇ 1953ರಲ್ಲಿ ತೆಲುಗು 'ದೇವದಾಸು' ಬಂತು. ಕುಡುಕನಾಗಿ ಊರೂರನ್ನು ಅಳಿಸಿದ ಅಕ್ಕಿನೇನಿ ನಾಗೇಶ್ವರರಾವ್, ಕಣ್ಣಿಗೆ ಮಂಪರು ಬರಲಿ ಅಂತ ಮೊಸರನ್ನ ಉಂಡು ರಾತ್ರಿ ಶೂಟಿಂಗಿಗೆ ನಿಲ್ಲುತ್ತಿದ್ದರಂತೆ. ವಿಸ್ಕಿಯ ಹೆಸರನ್ನೇ ಹೊತ್ತ ಜಾನಿ ವಾಕರ್, ಮುಂಬೈಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರು, ಪರದೆಯ ಆಚೆಗೆ ಕುಡಿಯುತ್ತಲೇ ಇರಲಿಲ್ಲ.

ನಮ್ಮಪ್ಪ ಮೊಸರನ್ನದ ಕುಡುಕನಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ನನಗೆ ಹತ್ತು ವರ್ಷ. ಅಮ್ಮ ಗುಡಿಯಲ್ಲಿ ಕಾಯಿ ಒಡೆಸಿದಳು. ತಿಂಗಳೊಳಗೆ ಅಪ್ಪ ಕ್ವಾರ್ಟರ್ ಬಾಟ್ಲಿ ಹಿಡಿದ. ಅದನ್ನು ಜೋಳದ ಚೀಲದಲ್ಲಿ ಹೂತಿಡುತ್ತಿದ್ದ. ಜೋಳ ತೆಗೆಯುವಾಗ ಅಮ್ಮನ ಕೈಗೆ ತಗಲುತ್ತಿತ್ತು. ಅವಳು ಸುಮ್ಮನೆ ಅಲ್ಲೇ ಮುಚ್ಚುತ್ತಿದ್ದಳು, ಒಗೆದರೆ ಇನ್ನೊಂದಕ್ಕೆ ದುಡ್ಡು ಹೋಗಬೇಕಾದ್ದು ಅದೇ ಮನೆಯಿಂದ. ನಾನು ಎರಡನೇ ಪಿಯುಸಿಯಲ್ಲಿದ್ದಾಗ ಅಪ್ಪನ ಲಿವರ್ ಹೋಯಿತು, ಅಪ್ಪನೂ ಹೋದ. ನಾನು ಕಾಲೇಜು ಬಿಟ್ಟೆ.

ಅದಕ್ಕೇ ಮಾವ ಫೋನಿನಲ್ಲಿ ಅಕ್ಕನಿಗೆ "ಪುಸ್ತಕದ ಕಪಾಟು ಮಾಡಾಕತ್ತೀವಿ" ಅಂದಿದ್ದರು. ಶನಿವಾರ ಮನೆಗೆ ಹೋದಾಗ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಮ್ಮ ತಲೆ ಎತ್ತಲಿಲ್ಲ.

"ಆ ದುಡ್ಡು ಈ ಮನಿಗೆ ಬ್ಯಾಡ."

ಕಪಾಟು ಟೆಂಪೋ ಏರಿ ಸಿರುಗುಪ್ಪ ಸೇರಿತು. ಗೋಡೆಗೆ ಕೂರಿಸಿ, ಬಾಗಿಲು ಏರಿಸಿ ಇಳಿಸಿ, ಕೊನೆಗೆ ಬೀಗ. ಮುಂದಿನ ಬಾಗಿಲಿನಿಂದ ಹಿಂದಿನದಕ್ಕೆ ಒಂದು ಗೂಟ ಹೋಗಿ ಎರಡನ್ನೂ ಹಿಡಿಯುವಂಥದ್ದು, ಜೊತೆಗೆ ಎರಡು ಕೀಲಿಕೈ. ಯಜಮಾನರು ದುಡ್ಡು ತರಲು ಒಳಗೆ ಹೋದರು. ಅವರ ಹೆಂಡತಿ ಚಹಾ ಕೊಡುವ ನೆಪದಲ್ಲಿ ಮಾವನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಣ್ಣಾ, ಇದಕ್ಕ ಎಷ್ಟು ಕೀಲಿಕೈ?"

ಮಾವ ಒಂದು ಕ್ಷಣ ಅವಳ ಮುಖ ನೋಡಿದರು. ಒಂದನ್ನು ಅವಳ ಅಂಗೈಗೆ ಹಾಕಿದರು. ಅವಳು ಸೆರಗಿಗೆ ಗಂಟು ಹಾಕಿಕೊಂಡಳು. ಯಜಮಾನರು ಬಂದಾಗ ಮಾವ ಉಳಿದದ್ದನ್ನು ಕೊಟ್ಟು, "ಜ್ವಾಪಾನ ರೀ" ಅಂದರು. ಅಷ್ಟೇ.

ನನ್ನ ಪಾಲಿನ 4,000 ರೂಪಾಯಿ ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಮೂರು ದಿನ ಹಾಗೇ ಇತ್ತು. ಮೂರನೇ ರಾತ್ರಿ ಉಣ್ಣುವಾಗ ಕೀಲಿಕೈ ಕಥೆ ಹೇಳಿದೆ. ಅಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

"ಆಕಿ ತಾನಾಗೇ ಕೇಳಿದ್ಲಾ?"

"ಹೂಂ."

ಮತ್ತೆ ರೊಟ್ಟಿ ಬಡಿದಳು. ಮರುದಿನ ಕ್ಯಾಲೆಂಡರಿನ ಹಿಂದೆ ದುಡ್ಡು ಇರಲಿಲ್ಲ. ಸಂಜೆ ಗ್ಯಾಸ್ ಸಿಲಿಂಡರ್ ಬಂದಿತ್ತು, ಕಿರಾಣಿ ಅಂಗಡಿಯ ಹಳೇ ಬಾಕಿಯೂ ತೀರಿತ್ತು.